ಅಪ್ಪಣೆ ಕೇಳಿದ ಮೇಲೆ: ಹವಾಯಿಯ ಜೌಗು ನೆಲದಲ್ಲಿ ಒಂದು ಬೇಸಿಗೆ ಶಿಬಿರ (ಪ್ರಕರಣ ಅಧ್ಯಯನ)

ಈ ಶಿಬಿರ ನಡೆದದ್ದು ಹವಾಯಿಯ ಓಆಹು ದ್ವೀಪದ ಒಂದು ಕಣಿವೆಯಲ್ಲಿ. ಯಾವ ಕಣಿವೆ, ಯಾವ ವರ್ಷ, ನಡೆಸಿದವರು ಯಾರು ಅಂತ ಹೇಳುವುದಿಲ್ಲ. ಮಕ್ಕಳ ಮತ್ತು ಹಿರಿಯರ ಗುರುತು ಸಿಗದಂತೆ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ನಾನು ಅಲ್ಲಿ ಸ್ವಯಂಸೇವಕಿ. ಕುಡಿಯುವ ನೀರು ತುಂಬಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ದಿನದ ಟಿಪ್ಪಣಿ ಬರೆಯುವುದು ನನ್ನ ಕೆಲಸ. ಮಕ್ಕಳನ್ನು ಕಟ್ಟಿಕೊಂಡು ಕೆರೆಯ ಕೆಲಸಕ್ಕೋ ಗದ್ದೆಯ ಕೆಲಸಕ್ಕೋ ಇಳಿಯುವ ಯಾರಿಗಾದರೂ ಇದರಿಂದ ಉಪಯೋಗ ಆದೀತು ಅಂತ ಬರೆಯುತ್ತಿದ್ದೇನೆ.

ಆ ನೆಲದ ಹಿನ್ನೆಲೆ

ವೈಕೀಕಿ ಅಂದರೆ ಎಲ್ಲರಿಗೂ ಹೋಟೆಲುಗಳು, ಮರಳಿನ ತೀರ ನೆನಪಾಗುತ್ತವೆ. ಆ ಹೆಸರಿನ ಅರ್ಥ ಚಿಮ್ಮುವ ನೀರು. ನೂರು ವರ್ಷದ ಹಿಂದೆ ಅಲ್ಲಿ ಇದ್ದದ್ದು ಗದ್ದೆ, ಮೀನುಕೊಳ, ಜೌಗು. 1920ರ ದಶಕದಲ್ಲಿ ಅಲಾ ವೈ ಕಾಲುವೆ ತೋಡಿದರು. ಗುಡ್ಡದಿಂದ ಬರುತ್ತಿದ್ದ ನೀರನ್ನು ಅದರೊಳಗೆ ತಿರುಗಿಸಿ, ಗದ್ದೆಗಳಿಗೆ ಮಣ್ಣು ತುಂಬಿದರು. ಇಂಥ ಕಥೆ ಹವಾಯಿಯ ಕರಾವಳಿಯ ಉದ್ದಕ್ಕೂ ಸಿಗುತ್ತದೆ. ದೊಡ್ಡದಾಗಿ ಉಳಿದಿರುವ ಜೌಗುಗಳು ಕೆಲವೇ. ಓಆಹುವಿನ ಕವೈನುಯಿ ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು. 2005ರಲ್ಲಿ ಅದು ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಹವಾಯಿಯ ಹಳೆಯ ಲೆಕ್ಕದಲ್ಲಿ ಜೌಗನ್ನು ಬೇರೆಯಾಗಿ ನೋಡುವ ರೂಢಿಯೇ ಇರಲಿಲ್ಲ. ಗುಡ್ಡದ ತುದಿಯಿಂದ ಸಮುದ್ರದ ಹವಳದ ದಿಬ್ಬದವರೆಗೆ ಒಂದೇ ಪಟ್ಟಿ. ಅದಕ್ಕೆ ಅಹುಪುಆಅ ಅನ್ನುತ್ತಾರೆ. ಮೇಲೆ ಕಾಡು, ಅದರ ಕೆಳಗೆ ಗದ್ದೆ, ಗದ್ದೆಯ ಕೆಳಗೆ ಜೌಗು, ಕೊನೆಗೆ ಕಲ್ಲಿನ ಗೋಡೆ ಕಟ್ಟಿದ ಮೀನುಕೊಳ. ಹೊಳೆಯ ನೀರು ಗದ್ದೆಗಳನ್ನು ದಾಟಿ, ಹೂಳನ್ನು ಅಲ್ಲೇ ಬಿಟ್ಟು, ತಿಳಿಯಾಗಿ ಮತ್ತೆ ಹೊಳೆ ಸೇರಿ ಮೀನುಕೊಳಕ್ಕೆ ಬರಬೇಕು. ಮೇಲಿನವರು ನೀರು ಕೆಡಿಸಿದರೆ ಕೆಳಗಿನವರ ಮೀನು ಹೋಯಿತು. ಅವರ ಭಾಷೆಯಲ್ಲಿ ವೈ ಅಂದರೆ ಸಿಹಿನೀರು, ವೈವೈ ಅಂದರೆ ಸಂಪತ್ತು.

ಆ ಗದ್ದೆಗಳಲ್ಲಿ ಬೆಳೆಯುವುದು ಕಲೋ. ಮೊದಲ ದಿನ ಎಲೆ ನೋಡಿದಾಗಲೇ ನನಗೆ ಗುರುತು ಹತ್ತಿತು. ಅದು ನಮ್ಮ ಕೆಸು! ಪತ್ರೊಡೆಯ ಕೆಸು. ನಮ್ಮ ಏಷ್ಯಾದ ಕಡೆಯ ಈ ಗೆಡ್ಡೆ ಪಾಲಿನೇಷ್ಯಾದವರ ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗಿ, ಕೊನೆಗೆ ಹವಾಯಿ ತಲುಪಿತು. ನಾವು ಬಾಯಿ ತುರಿಸದಿರಲಿ ಅಂತ ಹುಣಸೆಹುಳಿ ಹಾಕುತ್ತೇವೆ. ಅವರು ಎಲೆಯನ್ನು ಬಹಳ ಹೊತ್ತು ಬೇಯಿಸುತ್ತಾರೆ. ಗೆಡ್ಡೆಯನ್ನು ಬೇಯಿಸಿ, ಕುಟ್ಟಿ, ಪೋಯ್ ಮಾಡುತ್ತಾರೆ. ಆದರೆ ನಮಗೆ ಅದು ತರಕಾರಿ, ಅವರಿಗೆ ಅದು ಅಣ್ಣ. ಆಕಾಶದ ತಂದೆ ವಾಕೇಆ ಮತ್ತು ಹೋಓಹೋಕುಕಲಾನಿಗೆ ಮೊದಲು ಹುಟ್ಟಿದ ಮಗುವಿಗೆ ಜೀವ ಇರಲಿಲ್ಲ. ಹೂತ ಜಾಗದಲ್ಲಿ ಕೆಸು ಚಿಗುರಿತು. ಅದರ ಹೆಸರು ಹಾಲೋಆ. ಆಮೇಲೆ ಹುಟ್ಟಿದ ಎರಡನೆಯ ಮಗುವಿಗೂ ಅದೇ ಹೆಸರಿಟ್ಟರು. ಆ ಮಗುವಿನಿಂದ ಜನ ಬಂದರು. ಹಾಗಾಗಿ ಗಿಡ ದೊಡ್ಡವನು, ಮನುಷ್ಯ ತಮ್ಮ. ತಮ್ಮ ಅಣ್ಣನನ್ನು ನೋಡಿಕೊಳ್ಳಬೇಕು, ಅಣ್ಣ ತಮ್ಮನಿಗೆ ಉಣ್ಣಿಸುತ್ತಾನೆ.

ಇನ್ನೊಂದು ವಿಷಯ ಹೇಳದೆ ಮುಂದಿನದು ಅರ್ಥ ಆಗುವುದಿಲ್ಲ. 1893ರಲ್ಲಿ ಹವಾಯಿಯ ರಾಣಿಯನ್ನು ಕೆಳಗಿಳಿಸಿದರು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಕಲಿಕೆಯ ಭಾಷೆ ಮಾಡಿತು. ಹವಾಯಿ ಭಾಷೆ ಮನೆಗಳಲ್ಲೂ ಕಡಿಮೆಯಾಗುತ್ತ ಬಂತು. 1978ರಲ್ಲಿ ಅದು ಮತ್ತೆ ರಾಜ್ಯದ ಅಧಿಕೃತ ಭಾಷೆ ಆಯಿತು. 1980ರ ದಶಕದಲ್ಲಿ ಮಕ್ಕಳಿಗೆ ಹವಾಯಿ ಭಾಷೆಯಲ್ಲೇ ಕಲಿಸುವ ಶಾಲೆಗಳು ಶುರುವಾದವು. ಶಿಬಿರಕ್ಕೆ ಬಂದ ಹದಿನಾಲ್ಕು ಮಕ್ಕಳಲ್ಲಿ ಹವಾಯಿ ಮನೆತನದವರ ಅಜ್ಜಿಯರ ಕಾಲದಲ್ಲಿ ಭಾಷೆ ಬಾಯಿಂದ ಹೊರಗೆ ಬರದೆ ಉಳಿದು ಹೋಗಿತ್ತು. ಮೊಮ್ಮಕ್ಕಳು ಅದನ್ನು ಶಾಲೆಯಲ್ಲಿ, ಶಿಬಿರದಲ್ಲಿ ಹುಡುಕಿಕೊಂಡು ಬರುತ್ತಿದ್ದಾರೆ.

ಯೋಜನೆ ಹೇಗಿತ್ತು

ಐದು ವಾರ. ಜೂನ್ ಮೊದಲ ವಾರದಿಂದ ಶುರು. ಮಕ್ಕಳು ಎಂಟನೆಯಿಂದ ಹನ್ನೊಂದನೆಯ ತರಗತಿಯವರು. ಅರ್ಧದಷ್ಟು ಮಕ್ಕಳು ಹವಾಯಿ ಮೂಲದವರು, ಉಳಿದವರು ಫಿಲಿಪಿನೋ, ಜಪಾನಿ, ಸಮೋವಾ ಮನೆತನದವರು. ಜೌಗಿನ ಒಂದು ಅಂಚನ್ನು ಪೂರಾ ಮುಚ್ಚಿದ್ದ ಹುಲ್ಲನ್ನು ಕಿತ್ತು, ನೀರು ಹರಿಯುವಂತೆ ಮಾಡುವುದು ಗುರಿ.

ಆ ಹುಲ್ಲಿಗೆ ಅಲ್ಲಿ ಕ್ಯಾಲಿಫೋರ್ನಿಯಾ ಹುಲ್ಲು ಅನ್ನುತ್ತಾರೆ. ನಮ್ಮಲ್ಲಿ ಮೇವಿಗೆ ಬೆಳೆಸುವ ಪ್ಯಾರಾ ಹುಲ್ಲೇ ಅದು. ಆಳೆತ್ತರ ಬೆಳೆದು ನೀರಿನ ಮೇಲೆ ಹಾಸಿಕೊಳ್ಳುತ್ತದೆ. ಒಂದು ಗೆಣ್ಣು ಕೆಸರಲ್ಲಿ ಉಳಿದರೂ ಮತ್ತೆ ಬೇರು ಬಿಡುತ್ತದೆ. ಕಿತ್ತದ್ದನ್ನೆಲ್ಲ ಹೊತ್ತು ದಡಕ್ಕೆ ಹಾಕಲೇಬೇಕು. ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಕಥೆಯೂ ಅಲ್ಲಿ ಹೀಗೇ. ನಮ್ಮ ಕರಾವಳಿಯಲ್ಲಿ ಕಾಂಡ್ಲಾ ಉಳಿಸಿ ಅಂತ ಹೋರಾಡುತ್ತೇವೆ. ಹವಾಯಿಯಲ್ಲಿ ಅದು ಮೂಲದ ಗಿಡವೇ ಅಲ್ಲ. 1902ರಲ್ಲಿ ಮೊಲೊಕಾಯಿ ದ್ವೀಪಕ್ಕೆ ಹೊರಗಿನಿಂದ ತಂದು ನೆಟ್ಟದ್ದು, ಈಗ ಮೀನುಕೊಳದ ಗೋಡೆಗಳನ್ನೇ ಬೇರುಗಳಿಂದ ಬಿರಿಯುತ್ತಿದೆ. ಅದನ್ನು ಕಡಿಯುವುದೇ ಅಲ್ಲಿ ಸಂರಕ್ಷಣೆ. ನನಗೆ ಇದು ಒಪ್ಪಲು ಎರಡು ದಿನ ಬೇಕಾಯಿತು.

ಪ್ರತಿದಿನ ಬೆಳಿಗ್ಗೆ ಒಲಿ ಹೇಳಿ ಒಳಗೆ ಹೋಗಬೇಕು. ಒಲಿ ಅಂದರೆ ವಾದ್ಯವಿಲ್ಲದೆ, ಕುಣಿತವಿಲ್ಲದೆ ರಾಗವಾಗಿ ಹೇಳುವ ಪದ್ಯ. ಜಾಗಕ್ಕೆ ಬಂದವರು ಹೊರಗೆ ನಿಂತು, ನಾವು ಇಂಥವರು, ಇಂಥ ಕೆಲಸಕ್ಕೆ ಬಂದಿದ್ದೇವೆ, ಒಳಗೆ ಬರಲು ಅಪ್ಪಣೆ ಕೊಡಿ ಅಂತ ಕೇಳುತ್ತಾರೆ. ಕನ್ನಡದ ಕಿವಿಗೆ ಆ ಪದ ಎಷ್ಟು ಹತ್ತಿರ ಅಲ್ವಾ? ಒಲಿ ದೇವರೇ ಅಂದ ಹಾಗೆ.

ಒಲಿಗೆ ಹದಿನೈದು ನಿಮಿಷ, ಆಮೇಲೆ ನಾಲ್ಕು ಗಂಟೆ ಹುಲ್ಲು. ಹಣ ಕೊಟ್ಟವರಿಗೆ ಸಲ್ಲಿಸುವ ವರದಿಯಲ್ಲಿ ಇಷ್ಟು ಜಾಗ ಸ್ವಚ್ಛ ಆಯಿತು ಅಂತ ತೋರಿಸಬೇಕು. ದಡದಲ್ಲಿ ಗೂಟ ನೆಟ್ಟು ಗುರಿಯ ಗಡಿಯನ್ನೂ ಗುರುತಿಸಿದ್ದರು.

ಎಲ್ಲಿ ತೊಡಕಾಯಿತು

ಮೊದಲ ವಾರ ಕೆಲಸ ಓಡಿತು. ಆದರೆ ಒಲಿ ಸೊರಗಿತು. ಮಕ್ಕಳು ಪದಗಳನ್ನು ಬಾಯಿಪಾಠ ಮಾಡಿದ್ದರು, ಅಷ್ಟೇ. ಒಬ್ಬಳು ಹುಡುಗಿ ತುಟಿ ಅಲ್ಲಾಡಿಸಿ ಸುಮ್ಮನೆ ನಿಲ್ಲುತ್ತಿದ್ದಳು. ಅವಳು ಹವಾಯಿ ಮನೆತನದವಳೇ. ಪಕ್ಕದಲ್ಲಿ ಜಪಾನಿ ಮನೆಯ ಹುಡುಗ ಹವಾಯಿ ಮಾಧ್ಯಮದ ಶಾಲೆಯಲ್ಲಿ ಓದಿದವನು, ಸ್ಪಷ್ಟವಾಗಿ ಹೇಳುತ್ತಿದ್ದ. "ನಮ್ಮದೇ ಭಾಷೆ, ನನಗೇ ಬರಲ್ಲ" ಅಂತ ಒಂದು ದಿನ ನೀರು ಕುಡಿಯಲು ಬಂದಾಗ ನನ್ನ ಹತ್ತಿರ ಹೇಳಿದಳು. ನಾನು ಅದನ್ನು ಟಿಪ್ಪಣಿಯಲ್ಲಿ ಬರೆದೆ. ಕುಮುವಿಗೆ, ಅಂದರೆ ಶಿಬಿರ ನಡೆಸುತ್ತಿದ್ದ ಟೀಚರಿಗೆ, ಆವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಅದು ನನ್ನ ತಪ್ಪು.

ಎರಡನೆಯದು ಗಾಯದ ವಿಷಯ. ನಮ್ಮ ಮಲೆನಾಡಿನಲ್ಲಿ ಇಲಿಜ್ವರ ಅಂತ ಹೆದರುತ್ತೇವಲ್ಲ, ಆ ರೋಗ ಹವಾಯಿಯ ಹೊಳೆ, ಗದ್ದೆಗಳಲ್ಲೂ ಇದೆ. ಇಲಿ, ಹಂದಿಗಳ ಮೂತ್ರ ಸೇರಿದ ನೀರು ಗಾಯದ ಮೂಲಕ ಒಳಗೆ ಹೋದರೆ ಅಪಾಯ. ಅದಕ್ಕೆ ಗಾಯ ಇದ್ದವರು ನೀರಿಗೆ ಇಳಿಯಬಾರದು ಅನ್ನುವ ನಿಯಮ ಇತ್ತು. ಒಂದು ಬೆಳಿಗ್ಗೆ ಒಬ್ಬ ಹುಡುಗ ಮೊಣಕಾಲಿನ ತರಚು ಗಾಯ ಮುಚ್ಚಲು ಉದ್ದ ಪ್ಯಾಂಟ್ ಹಾಕಿಕೊಂಡು ಬಂದ. ಕೆಸರಿಗೆ ಇಳಿಯುವ ಹೊತ್ತಿಗೆ ರಕ್ತದ ಕಲೆ ಕಂಡಿತು. ಯಾಕೆ ಮುಚ್ಚಿಟ್ಟೆ ಅಂತ ಕೇಳಿದರೆ, "ದಡದಲ್ಲಿ ಕೂತರೆ ಕೆಲಸ ಮಾಡದವನು ಅಂತಾರೆ" ಅಂದ. ಅವನು ಹೇಳಿದ್ದು ಸರಿ. ನಿಯಮ ಮಾಡಿದ್ದೆವು. ಆದರೆ ನಿಯಮ ಪಾಲಿಸಿದವನಿಗೆ ಮಾನದ ಕೆಲಸ ಒಂದನ್ನೂ ಇಟ್ಟಿರಲಿಲ್ಲ.

ಆಗ ಟೂಟೂ ಮಧ್ಯೆ ಬಂದರು. ಟೂಟೂ ಅಂದರೆ ಅಜ್ಜಿ. ಎಂಬತ್ತರ ಹತ್ತಿರದ ಆ ಹಿರಿಯರು ಅದೇ ಕಣಿವೆಯವರು. ದಿನಾ ಬಂದು ಬದುವಿನ ಮೇಲೆ ಕುರ್ಚಿ ಹಾಕಿ ಕೂರುತ್ತಿದ್ದರು. ಹುಡುಗನನ್ನು ಪಕ್ಕಕ್ಕೆ ಕರೆದು ಒಂದು ನೋಟ್‌ಬುಕ್ ಕೊಟ್ಟರು. ನಿನ್ನ ಕೆಲಸ ಕಿಲೋ ಅಂದರು. ಇದು ತೂಕದ ಕಿಲೋ ಅಲ್ಲ. ಕಿಲೋ ಅಂದರೆ ನೋಡುವುದು. ಗಾಳಿ ಯಾವ ಕಡೆಯಿಂದ, ಮೋಡ ಎಷ್ಟು ಕೆಳಗೆ, ನೀರು ನಿನ್ನೆಗಿಂತ ಏರಿದೆಯಾ, ಯಾವ ಹಕ್ಕಿ ಎಲ್ಲಿ ಇಳಿಯಿತು ಅಂತ ನೋಡಿ ನೆನಪಿಡುವುದು. ಹಳೆಯ ಕಾಲದಲ್ಲಿ ಮೀನು ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಅಂತ ನಿರ್ಧರಿಸುತ್ತಿದ್ದದ್ದು ಇಂಥ ನೋಟದಿಂದಲೇ.

ತಿರುವು

ಎರಡನೆಯ ವಾರ, ಬುಧವಾರ. ಹುಡುಗನ ಗಾಯ ಇನ್ನೂ ಮಾಗಿರಲಿಲ್ಲ. ಬದುವಿನ ಮೇಲೆ ಕೂತಿದ್ದವನು ಎದ್ದು ಬಂದು, ಆ ಎರಡು ಹಕ್ಕಿ ಮೂರು ದಿನದಿಂದ ಒಂದೇ ಜಾಗ ಬಿಟ್ಟು ಹೋಗುತ್ತಿಲ್ಲ, ನಾವು ಹತ್ತಿರ ಹೋದರೆ ಒಂದು ಕುಂಟುತ್ತದೆ ಅಂದ.

ಅವು ಅಏಓ. ನಮ್ಮ ಕೆರೆಗಳಲ್ಲಿ ಕಾಣುವ ಮೆಟ್ಟುಗಾಲು ಹಕ್ಕಿಯ ಹತ್ತಿರದ ನೆಂಟ. ಕಪ್ಪು ಬೆನ್ನು, ಬಿಳಿ ಹೊಟ್ಟೆ, ಗುಲಾಬಿ ಬಣ್ಣದ ಉದ್ದ ಕಡ್ಡಿಕಾಲು. ಹವಾಯಿಯಲ್ಲಿ ಬಿಟ್ಟು ಬೇರೆಲ್ಲೂ ಈ ಬಗೆ ಇಲ್ಲ. 1970ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಕುಂಟುವುದು ನಾಟಕ. ಮೊಟ್ಟೆಯ ಹತ್ತಿರ ಬಂದವರನ್ನು ದೂರ ಎಳೆಯಲು ಹಾಗೆ ಮಾಡುತ್ತದೆ. ದುರ್ಬೀನಿನಲ್ಲಿ ನೋಡಿದೆವು. ಕೆಸರಲ್ಲಿ ಒಂದು ಸಣ್ಣ ಗುಳಿ, ನಾಲ್ಕು ಮೊಟ್ಟೆ. ಸ್ವಲ್ಪ ಆಚೆ, ಇನ್ನೂ ತಗ್ಗಿನಲ್ಲಿ, ಇನ್ನೊಂದು ಜೋಡಿಯ ಗೂಡು.

ಶಿಬಿರಕ್ಕೆ ಮುಂಚೆ ವನ್ಯಜೀವಿ ಇಲಾಖೆಯವರು ಬಂದು ನೋಡಿ ಹೋಗಿದ್ದರು. ಆಗ ಅಲ್ಲಿ ಗೂಡು ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ಯಾಕೆಂದರೆ ಅಲ್ಲೆಲ್ಲ ಆಳೆತ್ತರದ ಹುಲ್ಲು. ಅಏಓಗೆ ಬೇಕಾದದ್ದು ಬಯಲು ಕೆಸರು, ಕಾಲು ಮುಳುಗುವಷ್ಟು ನೀರು. ಅದನ್ನು ಮಾಡಿಕೊಟ್ಟವರು ನಾವೇ. ಮೊದಲ ವಾರ ಮಕ್ಕಳು ಹುಲ್ಲು ಕಿತ್ತರು, ಕೆಲವೇ ದಿನದಲ್ಲಿ ಹಕ್ಕಿ ಬಂದು ಸಂಸಾರ ಹೂಡಿತು.

ಮಕ್ಕಳಿಗೆ ಖುಷಿಯೋ ಖುಷಿ. ದೊಡ್ಡವರ ಮುಖ ಬಾಡಿತು. ಈ ಹಕ್ಕಿ ಮೂರು ವಾರಕ್ಕಿಂತ ಜಾಸ್ತಿ ಕಾವು ಕೂರುತ್ತದೆ. ಶಿಬಿರ ಮುಗಿಯಲು ಉಳಿದಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಗೂಡುಗಳು ಗುರಿಯ ಗಡಿಯ ನಟ್ಟನಡುವೆ ಇದ್ದವು.

ಇಲಾಖೆಗೆ ಫೋನ್ ಮಾಡಿದೆವು. ಇಷ್ಟು ದೂರ ಹಗ್ಗ ಕಟ್ಟಿ, ಒಳಗೆ ಹೋಗಬೇಡಿ ಅಂದರು. ಕಾನೂನಿನ ಲೆಕ್ಕ ಅಲ್ಲಿಗೆ ಮುಗಿಯಿತು. ಆ ಮಧ್ಯಾಹ್ನದ ಮಾತುಕತೆಯಲ್ಲಿ ಹಗ್ಗದ ಆಚೆ ಉಳಿದ ಜಾಗದಲ್ಲಿ ಕೆಲಸ ಜೋರು ಮಾಡೋಣ, ಮಕ್ಕಳನ್ನು ಎರಡು ಗುಂಪು ಮಾಡೋಣ, ಗುರಿ ಮುಟ್ಟಬಹುದು ಅಂತ ಕುಮು ಹೇಳಿದರು. ಅವರಿಗೆ ಹಣದ ಚಿಂತೆ. ಮುಂದಿನ ವರ್ಷದ ಶಿಬಿರ ಈ ವರದಿಯ ಮೇಲೆ ನಿಂತಿತ್ತು. ಅವರನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ.

ಟೂಟೂ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ ಮಾತು. "ದಿನಾ ಬೆಳಿಗ್ಗೆ ನಿಂತು ಅಪ್ಪಣೆ ಕೇಳ್ತೀರಲ್ಲ. ಉತ್ತರಕ್ಕೆ ಯಾವತ್ತಾದರೂ ಕಾದಿದ್ದೀರಾ?"

ಯಾರೂ ಮಾತಾಡಲಿಲ್ಲ. ಹವಾಯಿಯ ರೂಢಿಯಲ್ಲಿ ಹೊರಗೆ ನಿಂತವರು ಒಲಿ ಹೇಳಿದರೆ, ಒಳಗಿನ ಮನೆಯವರು ಇನ್ನೊಂದು ಒಲಿಯಲ್ಲಿ ಬನ್ನಿ ಅಂತ ಕರೆಯಬೇಕು. ಅಲ್ಲಿಯವರೆಗೆ ಕಾಲಿಡುವಂತಿಲ್ಲ. ನಮ್ಮ ವೇಳಾಪಟ್ಟಿಯಲ್ಲಿ ಕೇಳುವುದಕ್ಕೆ ಹದಿನೈದು ನಿಮಿಷ ಇತ್ತು, ಉತ್ತರಕ್ಕೆ ಒಂದು ನಿಮಿಷವೂ ಇರಲಿಲ್ಲ. ಬೇಡ ಅನ್ನುವ ಉತ್ತರ ಬರಬಹುದು ಅಂತ ನಾವು ಎಣಿಸಿಯೇ ಇರಲಿಲ್ಲ.

ಏನೇನು ಬದಲಿಸಿದೆವು

ಮರುದಿನದಿಂದ ಜೌಗಿನ ಅಂಚಿನಲ್ಲಿ ಹುಲ್ಲು ಕೀಳುವುದು ನಿಂತಿತು. ಹಗ್ಗದ ಒಳಗೆ ಮಾತ್ರ ಅಲ್ಲ, ಇಡೀ ಅಂಚಿನಲ್ಲಿ. ಮರಿಗಳು ಮೊಟ್ಟೆಯೊಡೆದ ಒಂದೇ ದಿನದಲ್ಲಿ ಗೂಡು ಬಿಟ್ಟು ತಾವೇ ಮೇಯಲು ಓಡಾಡುತ್ತವೆ, ಅವಕ್ಕೆ ಅಡಗಲು ಉಳಿದ ಹುಲ್ಲು ಬೇಕು ಅನ್ನುವುದು ಟೂಟೂ ಮಾತು. ಇಲಾಖೆಯವರೂ ಒಪ್ಪಿದರು. ಕುಮು ಆ ರಾತ್ರಿಯೇ ಹಣ ಕೊಟ್ಟವರಿಗೆ ಇದ್ದದ್ದನ್ನು ಇದ್ದ ಹಾಗೆ ಪತ್ರ ಬರೆದರು.

ಮಕ್ಕಳ ಕೈಗಳು ಮೇಲಿನ ಗದ್ದೆಗೆ ಹೋದವು. ಹಿಂದಿನ ವರ್ಷ ಸ್ವಚ್ಛ ಮಾಡಿ ಬಿಟ್ಟಿದ್ದ ಎರಡು ಗದ್ದೆಗಳಲ್ಲಿ ಕೆಸರು ತುಳಿದು, ಹುಲಿ ನೆಟ್ಟರು. ಕೆಸುವಿನ ಗೆಡ್ಡೆಯ ತಲೆಯನ್ನು ದಂಟಿನ ಸಮೇತ ಕತ್ತರಿಸಿ ನಾಟಿಗೆ ಇಡುವ ತುಂಡಿಗೆ ಹುಲಿ ಅನ್ನುತ್ತಾರೆ. ಆ ಒಂದು ಕೆಲಸದಲ್ಲಿ ನಾನೂ ಗುರುವಾದೆ. ಕೆಸರಲ್ಲಿ ಬೀಳದೆ ನಡೆಯುವುದು ಹೇಗೆ ಅಂತ ತೋರಿಸಿದೆ.

ಒಲಿಯೂ ಬದಲಾಯಿತು. ಹೇಳಿ ಮುಗಿದ ಮೇಲೆ ಐದು ನಿಮಿಷ ಎಲ್ಲರೂ ನಿಂತು ನೋಡಬೇಕು, ಕೇಳಬೇಕು. ಆಮೇಲೆ ಕಿಲೋ ಪುಸ್ತಕ ಹಿಡಿದವರು ಇವತ್ತು ಕಂಡದ್ದನ್ನು ಹೇಳಬೇಕು. ಅದನ್ನು ಕೇಳಿಯೇ ಎಲ್ಲಿ ಕೆಲಸ ಅಂತ ತೀರ್ಮಾನ. ಗಾಯದವರಿಗೆ ಅಂತ ಶುರುವಾದ ಪುಸ್ತಕಕ್ಕೆ ಈಗ ಸರದಿ ಬಂತು. ತುಟಿ ಅಲ್ಲಾಡಿಸುತ್ತಿದ್ದ ಹುಡುಗಿ ತನ್ನ ಸರದಿಯ ದಿನ ಗಾಳಿಗೆ, ಮಳೆಗೆ ಹವಾಯಿ ಹೆಸರುಗಳನ್ನು ಟೂಟೂ ಹತ್ತಿರ ಕೇಳಿ ಬರೆದಳು. ಆ ಭಾಷೆಯಲ್ಲಿ ಒಂದೊಂದು ಊರಿನ ಮಳೆಗೂ ಬೇರೆ ಬೇರೆ ಹೆಸರಿದೆ. ಬಾಯಿಪಾಠದಲ್ಲಿ ಹಿಂದೆ ಬಿದ್ದಿದ್ದವಳಿಗೆ ಪದಗಳು ಕಣ್ಣೆದುರಿನ ವಸ್ತುವಿನಿಂದ ಸಿಗತೊಡಗಿದವು. ನಾಲ್ಕನೆಯ ವಾರ ಅವಳ ದನಿ ನನಗೆ ಹಿಂದಿನ ಸಾಲಿನವರೆಗೂ ಕೇಳಿಸಿತು.

ಏನಾಯಿತು

ಎಲ್ಲವೂ ಚೆನ್ನಾಗಿ ಮುಗಿಯಲಿಲ್ಲ. ಮೂರನೆಯ ವಾರದ ಕೊನೆಗೆ ರಾತ್ರಿಯಿಡೀ ಮಳೆ. ಬೆಳಿಗ್ಗೆ ಅಳತೆಯ ಕೋಲಿನಲ್ಲಿ ನೀರು ಒಂದು ಗೇಣು ಏರಿತ್ತು. ತಗ್ಗಿನ ಗೂಡು ಮುಳುಗಿತ್ತು. ಹಕ್ಕಿ ಜೋಡಿ ಅಲ್ಲೇ ಸುತ್ತು ಹಾಕುತ್ತ ಕೂಗುತ್ತಿತ್ತು. ಹಿಂದಿನ ಸಂಜೆಯೇ ಮೋಡ ನೋಡಿ ಒಬ್ಬ ಹುಡುಗ, ಮೊಟ್ಟೆ ಎತ್ತಿ ಎತ್ತರದಲ್ಲಿ ಇಡೋಣ ಅಂದಿದ್ದ. ಇಲಾಖೆಯವರು ಮುಟ್ಟಲೇಬೇಡಿ ಅಂದಿದ್ದರು. ಆವತ್ತು ಅವನು ಯಾರ ಹತ್ತಿರವೂ ಮಾತಾಡಲಿಲ್ಲ. ಟೂಟೂ ಸಮಾಧಾನ ಹೇಳಲು ಹೋಗಲಿಲ್ಲ. ಅವನ ಪಕ್ಕ ಕುರ್ಚಿ ಹಾಕಿಕೊಂಡು ಮಧ್ಯಾಹ್ನದವರೆಗೆ ಕೂತರು. ಮಕ್ಕಳನ್ನು ಇಂಥ ಕೆಲಸಕ್ಕೆ ಕರೆದೊಯ್ಯುವವರು ಸಾವನ್ನು ನೋಡುವ ದಿನಕ್ಕೂ ತಯಾರಾಗಿರಬೇಕು. ನಾವು ತಯಾರಾಗಿರಲಿಲ್ಲ.

ಆ ವಾರವೇ ಮುಂಗುಸಿ ಬೋನುಗಳನ್ನು ಇಲಾಖೆಯವರು ಜಾಸ್ತಿ ಮಾಡಿದರು. ಮುಂಗುಸಿ ಅಲ್ಲಿಗೆ ಹೋದದ್ದು ನಮ್ಮ ದೇಶದಿಂದ. 1872ರಲ್ಲಿ ಕಲ್ಕತ್ತೆಯಿಂದ ಜಮೈಕಾಕ್ಕೆ, ಅಲ್ಲಿಂದ 1883ರಲ್ಲಿ ಹವಾಯಿಯ ಕಬ್ಬಿನ ತೋಟಗಳಿಗೆ, ಇಲಿ ಹಿಡಿಯಲಿ ಅಂತ. ಇಲಿ ಓಡಾಡುವುದು ಹೆಚ್ಚಾಗಿ ರಾತ್ರಿ, ಮುಂಗುಸಿ ಹಗಲು. ಅದು ನೆಲದ ಮೇಲಿನ ಗೂಡುಗಳಿಗೆ ಬಾಯಿ ಹಾಕಿತು. ನಮ್ಮಲ್ಲಿ ಮುಂಗುಸಿ ಕಂಡರೆ ಶುಭ ಅನ್ನುತ್ತಾರೆ ಅಂತ ಮಕ್ಕಳಿಗೆ ಹೇಳಿದೆ. ಅವರು ನಂಬಲೇ ಇಲ್ಲ.

ಕೊನೆಯ ವಾರ ಮೊದಲ ಗೂಡಿನ ಮೊಟ್ಟೆಗಳು ಒಡೆದವು. ಮಂಗಳವಾರ ಮೂರು ಮರಿ ಕಂಡವು, ಶುಕ್ರವಾರ ಎರಡು. ಮೂರನೆಯದು ಏನಾಯಿತು ಅಂತ ಪುಸ್ತಕದಲ್ಲಿ ಬರೆದಿಲ್ಲ, ಯಾಕೆಂದರೆ ಯಾರೂ ನೋಡಲಿಲ್ಲ. ಕಂಡದ್ದನ್ನು ಮಾತ್ರ ಬರೆಯಬೇಕು ಅನ್ನುವುದು ಆ ಹೊತ್ತಿಗೆ ಮಕ್ಕಳೇ ಮಾಡಿಕೊಂಡ ನಿಯಮ.

ಗುರಿಯ ಅರ್ಧ ಜಾಗವೂ ಸ್ವಚ್ಛ ಆಗಲಿಲ್ಲ. ಚಳಿಗಾಲದ ಮಳೆಗೆ, ತೆರವಾದ ಜಾಗದ ಒಂದು ಭಾಗವನ್ನು ಹುಲ್ಲು ಮತ್ತೆ ನುಂಗಿತು. ಇದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಬೆಲೆ ಇಲ್ಲ. ಹಣ ಕೊಟ್ಟವರು ಫೋನಿನಲ್ಲಿ ಬಹಳ ಪ್ರಶ್ನೆ ಕೇಳಿದರು. ಕುಮು ಕಿಲೋ ಪುಸ್ತಕದ ಪ್ರತಿ ಕಳಿಸಿದರು. ಮುಂದಿನ ವರ್ಷಕ್ಕೂ ಹಣ ಬಂತು, ಸ್ವಲ್ಪ ಕಡಿಮೆ.

ಈಗ ಹಿಂದೆ ತಿರುಗಿ ನೋಡಿದರೆ

ದೊಡ್ಡ ತಪ್ಪು ಲೆಕ್ಕದ್ದೇ. ಅಏಓ ಗೂಡು ಕಟ್ಟುವ ಕಾಲ ಫೆಬ್ರವರಿಯಿಂದ ಆಗಸ್ಟ್‌ವರೆಗೆ ಅಂತ ಎಲ್ಲರಿಗೂ ಗೊತ್ತಿತ್ತು. ಶಾಲೆಗೆ ರಜೆ ಜೂನ್‌ನಲ್ಲಿ ಅಂತಲೂ ಗೊತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಯಾರೂ ನೋಡಲಿಲ್ಲ. ಬಯಲು ಮಾಡಿದರೆ ಹಕ್ಕಿ ಬರುತ್ತದೆ, ಬರಲಿ ಅಂತಲೇ ಬಯಲು ಮಾಡುತ್ತಿದ್ದೇವೆ, ಬಂದ ಮೇಲೆ ನಾವು ಎಲ್ಲಿ ಹೋಗಬೇಕು ಅನ್ನುವ ಪ್ರಶ್ನೆ ಮೊದಲ ದಿನವೇ ಕೇಳಬೇಕಿತ್ತು.

ಸಂಸ್ಕೃತಿಯ ಮಾತು ಬಂದಾಗ ನನಗೆ ಈಗ ಒಂದು ಗಟ್ಟಿ ಅಭಿಪ್ರಾಯ ಇದೆ. ಒಲಿಯನ್ನು ಬೆಳಗಿನ ಹದಿನೈದು ನಿಮಿಷಕ್ಕೆ ಇಟ್ಟು ಉಳಿದ ದಿನವನ್ನು ಗೂಟದ ಲೆಕ್ಕಕ್ಕೆ ಬಿಟ್ಟಾಗ, ಎರಡೂ ಬಡವಾದವು. ಎಲ್ಲಿ ಕೆಲಸ ಮಾಡಬೇಕು, ಯಾವಾಗ ನಿಲ್ಲಿಸಬೇಕು ಅನ್ನುವ ತೀರ್ಮಾನ ಒಲಿಯ ಕೈಗೆ ಹೋದಾಗ ಮಾತ್ರ ಮಕ್ಕಳು ಅದನ್ನು ನಂಬಿದರು. ಇದಕ್ಕೆ ಟೂಟೂ ಬೇಕಿತ್ತು. ಕುರ್ಚಿಯಲ್ಲಿ ಕೂತ ಹಿರಿಯರನ್ನು ಶೋಭೆಗೆ ಅಂತ ಕರೆಸುವ ಶಿಬಿರಗಳನ್ನು ನಾನು ಬೇರೆ ಕಡೆ ನೋಡಿದ್ದೇನೆ. ಇಲ್ಲಿ ಅವರ ಪ್ರಶ್ನೆಗೆ ಯೋಜನೆ ಬದಲಿಸುವ ಅಧಿಕಾರ ಇತ್ತು. ಬದಲಿಸುವ ಧೈರ್ಯ ಕುಮುವಿಗೂ ಇತ್ತು, ಅದನ್ನೂ ಹೇಳಬೇಕು.

ಐದು ವಾರ ಅನ್ನುವ ಅಳತೆಯೇ ಈ ನೆಲಕ್ಕೆ ಚಿಕ್ಕದು. ಅದೇ ದ್ವೀಪದ ಹೇಎಇಆ ಅನ್ನುವಲ್ಲಿ 88 ಎಕರೆಯ ಒಂದು ಪುರಾತನ ಮೀನುಕೊಳ ಇದೆ. ಅದರ ಸುತ್ತ ಸುಮಾರು ಎರಡು ಕಿಲೋಮೀಟರ್ ಕಲ್ಲಿನ ಗೋಡೆ. 1965ರ ನೆರೆಗೆ ಗೋಡೆ ಒಡೆಯಿತು. ಊರಿನವರು, ಮಕ್ಕಳು, ಸ್ವಯಂಸೇವಕರು ಕಲ್ಲು ಹೊತ್ತು ಹೊತ್ತು ಆ ಒಡಕನ್ನು ಪೂರ್ತಿ ಮುಚ್ಚಿದ್ದು 2015ರಲ್ಲಿ. ಶಿಬಿರದ ಕೊನೆಯ ದಿನ ಕುಮು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದರು. ಗೂಡು ಮುಳುಗಿದ ದಿನ ಮಾತು ಬಿಟ್ಟಿದ್ದ ಹುಡುಗ ಗೋಡೆಯ ಮೇಲೆ ಆ ತುದಿಯವರೆಗೂ ನಡೆದು ಬಂದ.

ಮುಂದಿನ ವರ್ಷದ ಯೋಜನೆಯಲ್ಲಿ ಹುಲ್ಲು ಕೀಳುವ ಕೆಲಸ ಸೆಪ್ಟೆಂಬರ್ ನಂತರದ ಶನಿವಾರಗಳಿಗೆ ಹೋಯಿತು. ಬೇಸಿಗೆಗೆ ಉಳಿದದ್ದು ಗದ್ದೆ, ನಾಟಿ, ಕಿಲೋ. ಗಾಯ ಆದವರಿಗೆ ದಡದ ಕೆಲಸದ ಪಟ್ಟಿ ಮೊದಲೇ ತಯಾರಿತ್ತು. ಹಣ ಕೊಡುವವರ ಅರ್ಜಿಯಲ್ಲಿ ಎಷ್ಟು ಎಕರೆ ಸ್ವಚ್ಛ ಆಯಿತು ಅನ್ನುವ ಖಾನೆ ಈಗಲೂ ಇದೆ. ಅದರ ಕೆಳಗೆ ಎಷ್ಟು ದಿನ ಕಾದಿರಿ ಅನ್ನುವ ಇನ್ನೊಂದು ಖಾನೆ ಸೇರಿಸಿ ಅಂತ ಕುಮು ಎರಡು ಸಲ ಪತ್ರ ಬರೆದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.